ಬೇಸ್‌ಬಾಲ್ ಪ್ಲೇಆಫ್ ಯಾರು ಗೆಲ್ತಾರೆ ಅಂತ ಊಹಿಸೋದು ಹೇಗೆ? ಗೊತ್ತಿರೋರು ಹೇಳಿ

ಪ್ರಶ್ನೆ: ಆಫೀಸಲ್ಲಿ ಮೇಜರ್ ಲೀಗ್ (ಅಮೆರಿಕದ ಬೇಸ್‌ಬಾಲ್ ಲೀಗ್) ಪ್ಲೇಆಫ್‌ಗೆ, ಅಂದರೆ ಲೀಗ್ ಹಂತ ಮುಗಿದಮೇಲಿನ ನಾಕ್‌ಔಟ್ ಸುತ್ತುಗಳಿಗೆ, ಊಹೆ ಸ್ಪರ್ಧೆ ಇದೆ. ದುಡ್ಡಿಲ್ಲ, ಬರೀ ಪಾಯಿಂಟು. ಮೊದಲ ಪಂದ್ಯಕ್ಕೆ ಮುಂಚೆಯೇ 11 ಸರಣಿಗಳನ್ನೂ ಯಾರು ಗೆಲ್ತಾರೆ, ಎಷ್ಟು ಪಂದ್ಯದಲ್ಲಿ ಗೆಲ್ತಾರೆ ಅಂತ ಬರೆದು ಕೊಡಬೇಕು. ನಾಲ್ಕು ಸುತ್ತಿಗೆ ಕ್ರಮವಾಗಿ 1, 2, 4, 8 ಪಾಯಿಂಟ್. ಆಟದ ನಿಯಮ ಗೊತ್ತು. ಲೀಗ್ ಹಂತದಲ್ಲಿ ಹೆಚ್ಚು ಗೆದ್ದವರನ್ನೇ ಬರೆದುಬಿಟ್ಟರೆ ಸಾಕಾ?

ಸ್ಯಾನ್ ಹೋಸೆಯಿಂದ: ಸಾಲದು. 2022ರಲ್ಲಿ ಡಾಡ್ಜರ್ಸ್ 111 ಪಂದ್ಯ ಗೆದ್ದಿತ್ತು. 89 ಗೆದ್ದಿದ್ದ ಪಾಡ್ರೆಸ್ ಅದನ್ನ 3-1ರಲ್ಲಿ ಮನೆಗೆ ಕಳಿಸಿತು. 2023ರ ವರ್ಲ್ಡ್ ಸೀರೀಸ್ (ಫೈನಲ್ ಸರಣಿ) ಆಡಿದ್ದು 90 ಗೆದ್ದ ರೇಂಜರ್ಸ್ ಮತ್ತು 84 ಗೆದ್ದ ಡೈಮಂಡ್‌ಬ್ಯಾಕ್ಸ್. ಅದೇ ವರ್ಷ 104 ಗೆದ್ದ ಬ್ರೇವ್ಸ್, 101 ಗೆದ್ದ ಓರಿಯೋಲ್ಸ್, 100 ಗೆದ್ದ ಡಾಡ್ಜರ್ಸ್ ಮೂರೂ ತಮ್ಮ ಮೊದಲ ಸರಣಿಯಲ್ಲೇ ಔಟ್.

ಮೊದಲು ಪಟ್ಟಿ ಹೇಗೆ ಬೀಳುತ್ತೆ ನೋಡಿಕೊಳ್ಳಿ. ಮೇಜರ್ ಲೀಗ್ ಒಳಗೆ ಎರಡು ಲೀಗ್, ಒಂದೊಂದರಿಂದ 6 ತಂಡ. ಡಿವಿಷನ್ (ಲೀಗಿನೊಳಗಿನ ಗುಂಪು) ಗೆದ್ದ ಮೂವರಿಗೆ 1, 2, 3ನೇ ಸೀಡ್ (ಶ್ರೇಯಾಂಕ), ವೈಲ್ಡ್ ಕಾರ್ಡ್‌ನವರಿಗೆ (ಡಿವಿಷನ್ ಗೆಲ್ಲದೆ ಒಳಗೆ ಬಂದವರು) 4, 5, 6. ಇಲ್ಲೇ ಒಂದು ಬಲೆ ಇದೆ: ಡಿವಿಷನ್ ಗೆದ್ದವರಿಗಿಂತ ವೈಲ್ಡ್ ಕಾರ್ಡ್ ತಂಡ ಹೆಚ್ಚು ಪಂದ್ಯ ಗೆದ್ದಿದ್ದರೂ ಸೀಡ್ 4ಕ್ಕಿಂತ ಮೇಲೆ ಹೋಗಲ್ಲ. 2022ರಲ್ಲಿ 101 ಗೆದ್ದ ಮೆಟ್ಸ್‌ಗೆ ಹಾಗೇ ಆಯ್ತು. 1 ಮತ್ತು 2ನೇ ಸೀಡಿಗೆ ಮೊದಲ ಸುತ್ತು ಬೈ, ಅಂದರೆ ಆಡದೆಯೇ ಎರಡನೇ ಸುತ್ತಿಗೆ. 3-6, 4-5 ಮೂರು ಪಂದ್ಯದ ಸರಣಿ ಆಡ್ತಾರೆ, ಅಷ್ಟೂ ಮೇಲಿನ ಸೀಡಿನವರ ಮೈದಾನದಲ್ಲೇ. ಗೆದ್ದಮೇಲೆ ಮತ್ತೆ ಸೀಡ್ ಹಚ್ಚಲ್ಲ: 4-5ರಲ್ಲಿ ಗೆದ್ದವರಿಗೆ 1, 3-6ರಲ್ಲಿ ಗೆದ್ದವರಿಗೆ 2 ಎದುರಾಳಿ. ಆದ್ದರಿಂದ ಕೆಲವು ವರ್ಷ 2ನೇ ಸೀಡಿನ ದಾರಿಯೇ ಸಲೀಸಾಗಿರುತ್ತೆ. ಐಪಿಎಲ್ ಥರ ಮೇಲಿನ ಇಬ್ಬರಿಗೆ ಎರಡನೇ ಅವಕಾಶ ಇಲ್ಲಿಲ್ಲ.

ನ್ಯೂಜೆರ್ಸಿಯಿಂದ: ಲೆಕ್ಕ ಹಾಕೋ ರೀತಿ ಹೇಳ್ತೀನಿ, ಕ್ಯಾಲ್ಕುಲೇಟರ್ ಸಾಕು.

ಗೆಲುವಿನ ಸಂಖ್ಯೆ ಬಿಟ್ಟು, ಹೊಡೆದ ರನ್ ಮತ್ತು ಕೊಟ್ಟ ರನ್ ತಗೊಳ್ಳಿ. ಹೊಡೆದ ರನ್ನಿನ ವರ್ಗವನ್ನ, ಹೊಡೆದ ಮತ್ತು ಕೊಟ್ಟ ರನ್ನುಗಳ ವರ್ಗಗಳ ಮೊತ್ತದಿಂದ ಭಾಗಿಸಿ. ತಂಡದ ನಿಜವಾದ ಬಲ ಅದರಲ್ಲಿ ಹೆಚ್ಚು ಕಾಣುತ್ತೆ. ಒಂದು ರನ್ನಿನಲ್ಲಿ ಗೆದ್ದ ಪಂದ್ಯಗಳ ಅದೃಷ್ಟ ಸೋಸಿಹೋಗುತ್ತೆ. ಒಂದು ತಂಡಕ್ಕೆ 0.600, ಇನ್ನೊಂದಕ್ಕೆ 0.550 ಬಂತು ಅನ್ನಿ. ಅಂದರೆ 162 ಪಂದ್ಯಕ್ಕೆ ಸುಮಾರು 97 ಮತ್ತು 89 ಗೆಲುವು. ಎದುರುಬದುರಾದಾಗ ಬಲಿಷ್ಠ ತಂಡಕ್ಕೆ ಒಂದು ಪಂದ್ಯ ಗೆಲ್ಲೋ ಸಾಧ್ಯತೆ ಬರೀ 55%.

ಈ 55% ಇಟ್ಟುಕೊಂಡರೆ ಮೂರು ಪಂದ್ಯದ ಸರಣಿ ಗೆಲ್ಲೋದು 57%, ಐದರದ್ದು 59%, ಏಳರದ್ದು 61%. ಬೈ ಇರೋ ತಂಡ ಐದರದ್ದು ಒಂದು (ಎರಡನೇ ಸುತ್ತು), ಏಳರದ್ದು ಎರಡು (ಕೊನೆಯ ಎರಡು ಸುತ್ತು) ಗೆಲ್ಲಬೇಕು. ಗುಣಿಸಿದರೆ 22%. ಬೈ ಇಲ್ಲದೆ ಅದೇ ತಂಡಕ್ಕೆ 13%. ಹಾಗಾಗಿ ಯಾರಾದರೂ ‘ಈ ತಂಡಕ್ಕೆ 50% ಗ್ಯಾರಂಟಿ’ ಅಂದರೆ ನಂಬಬೇಡಿ.

ಎಷ್ಟು ಪಂದ್ಯ ಅನ್ನೋದಕ್ಕೂ ಇದೇ ಲೆಕ್ಕ. ಏಳರ ಸರಣಿಯಲ್ಲಿ ಬಲಿಷ್ಠ ತಂಡ ಗೆಲ್ಲುತ್ತೆ ಅಂತ ಬರೆದರೆ 6 ಪಂದ್ಯ ಅಂತ ಬರೀರಿ, ದುರ್ಬಲ ತಂಡ ಅಂತ ಬರೆದರೆ 7. 4-0 ಬರೆಯೋದು ದಂಡ. ಅದು 9% ಅಷ್ಟೇ.

ನಿಮ್ಮ ಪಾಯಿಂಟ್ ಪದ್ಧತಿಯಲ್ಲಿ ಒಟ್ಟು 28. ಬೈ ಇರೋ ಚಾಂಪಿಯನ್ನನ್ನ ಸರಿಯಾಗಿ ಹಿಡಿದರೆ ಅದೊಂದೇ 14 ತರುತ್ತೆ. ಮೊದಲ ಸುತ್ತಿಗೆ ತಲೆ ಕೆಡಿಸ್ಕೋಬೇಡಿ. ಹತ್ತು ಜನರ ಗುಂಪಾದರೆ ಅತ್ಯಂತ ಬಲಿಷ್ಠ ಬೈ ತಂಡವನ್ನೇ ಬರೀರಿ. ನೂರು ಜನ ಇದ್ದರೆ ಅರ್ಧ ಜನ ಅದನ್ನೇ ಬರೆದಿರ್ತಾರೆ, ಆಗ ಎರಡನೇ ಬಲಿಷ್ಠ ತಂಡ ವಾಸಿ.

ಡೆಟ್ರಾಯಿಟ್ ಕಡೆಯಿಂದ: ಲೆಕ್ಕ ಸರಿ, ಆದರೆ ಆ 55% ದಿನಾ ಒಂದೇ ಇರಲ್ಲ. ಸ್ಟಾರ್ಟಿಂಗ್ ಪಿಚರ್ (ಪಂದ್ಯದ ಶುರುವಿನಿಂದ ಚೆಂಡು ಎಸೆಯೋರು) ಯಾರು ಅನ್ನೋದರ ಮೇಲೆ ಬದಲಾಗುತ್ತೆ. ಕ್ಯಾಲೆಂಡರ್ ಬರೆದುಕೊಳ್ಳಿ. ಸ್ಟಾರ್ಟರ್‌ಗೆ ಮಾಮೂಲಿ ನಾಲ್ಕು ದಿನ ವಿಶ್ರಾಂತಿ ಬೇಕು. ವೈಲ್ಡ್ ಕಾರ್ಡ್ (ಮೊದಲ ಸುತ್ತು) ಮಂಗಳವಾರ ಶುರು, ಡಿವಿಷನ್ ಸೀರೀಸ್ (ಎರಡನೇ ಸುತ್ತು) ಶನಿವಾರ ಶುರು ಅನ್ನಿ. ಮಂಗಳವಾರ ಎಸೆದವರು ಭಾನುವಾರಕ್ಕೆ ಸಿದ್ಧ, ಶನಿವಾರಕ್ಕಲ್ಲ.

2025ರಲ್ಲಿ ಟೈಗರ್ಸ್‌ನ ಪಿಚರ್ ಟಾರಿಕ್ ಸ್ಕೂಬಲ್ ಸೆಪ್ಟೆಂಬರ್ 30ಕ್ಕೆ ಕ್ಲೀವ್‌ಲೆಂಡ್ ವಿರುದ್ಧ 14 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿನಿಂದ ಬ್ಯಾಟರ್ ಔಟ್) ತೆಗೆದ್ರು. ಸಿಯಾಟಲ್ ಮ್ಯಾರಿನರ್ಸ್ ಸರಣಿಯಲ್ಲಿ ಸಿಕ್ಕಿದ್ದು ಅಕ್ಟೋಬರ್ 5ರ ಎರಡನೇ ಪಂದ್ಯ, ಆಮೇಲೆ 10ರ ಐದನೇ ಪಂದ್ಯ. ಆ ಐದನೆಯದರಲ್ಲಿ ಆರು ಇನ್ನಿಂಗ್ಸ್, 13 ಸ್ಟ್ರೈಕ್‌ಔಟ್, ಕೆಳಗಿಳಿದಾಗ 2-1 ಮುನ್ನಡೆ. ಏಳನೇ ಇನ್ನಿಂಗ್ಸಲ್ಲೇ ಸ್ಕೋರ್ ಸಮ ಆಯ್ತು, 15ನೇ ಇನ್ನಿಂಗ್ಸಲ್ಲಿ ಸಿಯಾಟಲ್ 3-2ಕ್ಕೆ ಗೆದ್ದಿತು. ಅವರು ಎಸೆದ ಎರಡೂ ಪಂದ್ಯ ಆ ಸರಣಿಯಲ್ಲಿ ಸೋತವು. ಅಷ್ಟು ಚೆನ್ನಾಗಿ ಎಸೆದೂ ಹಾಗಾಗಿದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಒಬ್ಬ ಮಹಾ ಪಿಚರ್ ಇದ್ದಾರೆ ಅಂತ ತಂಡವನ್ನೇ ಬರೆಯಬೇಡಿ. ಮೂವರು ಒಳ್ಳೆ ಸ್ಟಾರ್ಟರ್, ಜೊತೆಗೆ ಏಳನೇ ಇನ್ನಿಂಗ್ಸಿಂದ ಆಚೆಗೆ ನಂಬಬಹುದಾದ ಮೂರು-ನಾಲ್ಕು ಬುಲ್‌ಪೆನ್ ಕೈ (ಸ್ಟಾರ್ಟರ್ ಇಳಿದಮೇಲೆ ಎಸೆಯೋರು) ಬೇಕು. ಪ್ಲೇಆಫಲ್ಲಿ ನಡುನಡುವೆ ಬಿಡುವಿನ ದಿನ ಸಿಗೋದರಿಂದ ಐದನೇ ಸ್ಟಾರ್ಟರ್ ಬೇಕಾಗೋದೇ ಅಪರೂಪ. ಆದ್ದರಿಂದ ಸೀಸನ್ ಪೂರ್ತಿಯ ಸರಾಸರಿ ನೋಡೋ ಬದಲು ಮೊದಲ ನಾಲ್ವರದ್ದಷ್ಟೇ ನೋಡಿ.

ಟೊರೊಂಟೊದಿಂದ: ‘ಬೈ ಸಿಕ್ಕವರು ತುಕ್ಕು ಹಿಡೀತಾರೆ’ ಅಂತ ಎಲ್ಲರೂ ಹೇಳ್ತಾರೆ. 2022, 2023 ನೋಡಿದರೆ ಹಾಗನ್ಸುತ್ತೆ: ಬೈ ಪಡೆದ 8ರಲ್ಲಿ 3 ತಂಡ ಮಾತ್ರ ಮುಂದೆ ಹೋದವು. 2024, 2025ರಲ್ಲಿ 8ಕ್ಕೆ 6. ಕೂಡಿದರೆ 16ಕ್ಕೆ 9, ಅಂದರೆ 56%. ನ್ಯೂಜೆರ್ಸಿಯವರ 59%ಗೂ ಇದಕ್ಕೂ ಹೆಚ್ಚು ದೂರ ಇಲ್ಲ. ತುಕ್ಕು ಅಂತ ಬೈ ತಂಡದ ಪಾಯಿಂಟ್ ಕಳೀಬೇಡಿ.

ಬೈ ಇಲ್ಲದವರು ಗೆಲ್ಲಲ್ಲ ಅಂತಲೂ ಅಲ್ಲ. 2025ರ ಡಾಡ್ಜರ್ಸ್ 93 ಗೆದ್ದು 3ನೇ ಸೀಡಾಗಿ ಬಂದು ವರ್ಲ್ಡ್ ಸೀರೀಸನ್ನ ಏಳನೇ ಪಂದ್ಯದಲ್ಲಿ ಗೆದ್ದರು. ಅವರ ಪಿಚರ್ ಯಮಾಮೊಟೊ ಆರನೇ ಪಂದ್ಯದಲ್ಲಿ 96 ಎಸೆತ ಎಸೆದು, ಮರುದಿನವೇ ಕೊನೆಯ ಎಂಟು ಔಟ್ ತೆಗೆದ್ರು. ಇಂಥದ್ದನ್ನ ಯಾವ ಲೆಕ್ಕವೂ ಮುಂಚೆ ಹೇಳಲ್ಲ. ನಮ್ಮೂರ ಬ್ಲೂ ಜೇಸ್ ಕೈಯಿಂದ ಕಪ್ ಹೋಯ್ತು ಅನ್ನೋ ಸಂಕಟದಲ್ಲೂ ಆ ಮನುಷ್ಯನಿಗೆ ಕೈ ಮುಗೀಬೇಕು.

ಬೆಂಗಳೂರಿನಿಂದ: ಒಂದೇ ಸೇರಿಸ್ತೀನಿ. ಊಹೆ ಕೊಡೋ ಮುಂಚೆ 26 ಜನರ ಪಟ್ಟಿ ನೋಡಿ; ಅದು ಪ್ರತಿ ಸರಣಿಗೂ ಹೊಸದು. ಸರಣಿ ಮಧ್ಯೆ ಗಾಯ ಅಂತ ಯಾರನ್ನಾದರೂ ತೆಗೆದರೆ ಅವರು ಮುಂದಿನ ಸರಣಿಯನ್ನೂ ಆಡೋ ಹಾಗಿಲ್ಲ. ಹೆಚ್ಚುವರಿ ಇನ್ನಿಂಗ್ಸಲ್ಲಿ ಎರಡನೇ ಬೇಸಿಗೆ ಪುಕ್ಕಟೆ ಓಟಗಾರನನ್ನ ಇಡೋ ನಿಯಮ ಪ್ಲೇಆಫಲ್ಲಿ ಇಲ್ಲ, ಅದಕ್ಕೇ 2025ರ ವರ್ಲ್ಡ್ ಸೀರೀಸ್ ಮೂರನೇ ಪಂದ್ಯ 18 ಇನ್ನಿಂಗ್ಸ್ ನಡೀತು. ಅಂಥ ರಾತ್ರಿ ಬುಲ್‌ಪೆನ್ ಖಾಲಿಯಾದರೆ ಮಾರನೇ ದಿನಕ್ಕೂ ಪೆಟ್ಟು. ದಿನದಿನವೂ ಊಹೆ ಬದಲಿಸೋಕೆ ಬಿಡ್ತಾರಾದರೆ ಮೊದಲು ಅದನ್ನೇ ನೋಡಿ. ನ್ಯೂಯಾರ್ಕಲ್ಲಿ ರಾತ್ರಿ 8ಕ್ಕೆ ಶುರುವಾಗೋ ಪಂದ್ಯ ಅಕ್ಟೋಬರಲ್ಲಿ ನಮಗೆ ಬೆಳಗ್ಗೆ 5:30.