ಸಹಾಯ ಬೇಕು: ಮೌರ್ಯರ ಗೋಪನನ್ನೂ ರಜ್ಜುಕನನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಬಹುದೇ?

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯ ಮಕ್ಕಳಿಗಾಗಿ ಮೌರ್ಯರ ಸ್ಥಳೀಯ ಆಡಳಿತದ ಬಗ್ಗೆ ಪಾಠ ಸಿದ್ಧಪಡಿಸುತ್ತಿದ್ದು, ಒಂದು ತೊಡಕಿನಲ್ಲಿ ನಿಮ್ಮ ನೆರವು ಕೋರುತ್ತಿದ್ದೇನೆ.

ಕೌಟಿಲ್ಯನ ‘ಅರ್ಥಶಾಸ್ತ್ರ’ ಗ್ರಂಥದ ಪ್ರಕಾರ 5 ಅಥವಾ 10 ಹಳ್ಳಿಗಳಿಗೆ ಒಬ್ಬ ಗೋಪ. ಊರಿನ ಎಲ್ಲೆ, ಹೊಲಗದ್ದೆ, ಕಂದಾಯ ಕೊಡುವ ಮತ್ತು ಕೊಡದ ಮನೆಗಳು, ಜನ, ಜಾನುವಾರು ಎಲ್ಲವನ್ನೂ ಬರೆದಿಡುವುದು ಅವನ ಕೆಲಸ. (ನಮ್ಮ ಹಳೆಯ ಶಾನುಭೋಗರ ಕಡತ ಕಂಡವರಿಗೆ ಇದೇನೂ ಹೊಸದಲ್ಲ.) ಅವನ ಮೇಲೆ ಜನಪದದ (ಎಂದರೆ ನಾಡಿನ) ನಾಲ್ಕನೆಯ ಒಂದು ಭಾಗಕ್ಕೆ ಸ್ಥಾನಿಕ, ಎಲ್ಲರ ಮೇಲೆ ಕಂದಾಯದ ಮುಖ್ಯಾಧಿಕಾರಿಯಾದ ಸಮಾಹರ್ತೃ.

ಅಶೋಕನ ಶಾಸನಗಳು ಹೆಸರಿಸುವುದು ಬೇರೆ ಅಧಿಕಾರಿಗಳನ್ನು. ಯುಕ್ತ, ರಜ್ಜುಕ, ಪ್ರಾದೇಶಿಕರು 5 ವರ್ಷಕ್ಕೊಮ್ಮೆ ಸಂಚಾರ ಹೊರಡಬೇಕೆಂದು ಮೂರನೆಯ ಬಂಡೆಶಾಸನ ಹೇಳಿದರೆ, ಲಕ್ಷಾಂತರ ಜನರ ಮೇಲೆ ನೇಮಕಗೊಂಡ ರಜ್ಜುಕರಿಗೆ ದಂಡನೆಯಲ್ಲಿ ಸ್ವಾತಂತ್ರ್ಯ ಕೊಟ್ಟು, ಮಗುವನ್ನು ನುರಿತ ದಾದಿಗೆ ಒಪ್ಪಿಸಿದವರ ನಿಶ್ಚಿಂತೆಯನ್ನು ನಾಲ್ಕನೆಯ ಸ್ತಂಭಶಾಸನ ನೆನೆಯುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಂತೂ ಸುವರ್ಣಗಿರಿಯ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ಆಜ್ಞೆ ತಿಳಿಸುತ್ತಾರೆ.

ಪಠ್ಯಗಳು ಇವೆರಡನ್ನೂ ಬೆಸೆದು ಒಂದೇ ಏಣಿಯನ್ನು ಚಿತ್ರಿಸುತ್ತವೆ. ಗ್ರಂಥ ಹೇಳುವುದು ಹೀಗಿರಬೇಕೆಂಬ ವ್ಯವಸ್ಥೆ, ಬಂಡೆ ಹೇಳುವುದು ನಡೆದ ಆಡಳಿತ ಎಂಬುದು ನನ್ನ ಅನಿಸಿಕೆ. ಹಾಗಾಗಿ ಬೇರೆಬೇರೆಯಾಗಿ ಕಲಿಸಬೇಕೆಂದಿದ್ದೇನೆ. ಶಾಸನ ಬಲ್ಲವರು ಇದು ಸರಿಯೇ ಎಂದು ತಿಳಿಸಿ, ರಜ್ಜುಕನನ್ನು ಮಕ್ಕಳಿಗೆ ತಹಶೀಲ್ದಾರನೆನ್ನಬಹುದೋ, ಜಿಲ್ಲಾಧಿಕಾರಿಯೆನ್ನುವುದೇ ಸೂಕ್ತವೋ ಸೂಚಿಸಬೇಕಾಗಿ ವಿನಂತಿ.