ಬಾಡಿಗೆ ಬಟ್ಟೆ, ಸೆಕೆಂಡ್ ಹ್ಯಾಂಡ್ ಬಟ್ಟೆ: ಬಳ್ಳಾರಿ ಕಡೆಯವರು ಅನುಭವ ಹೇಳಿ

ಕೇಳಿದವರು, ಬಳ್ಳಾರಿ:
ಮೇ ತಿಂಗಳಲ್ಲಿ ತಮ್ಮನ ಮದುವೆ. ಆಫೀಸಿಗೆ ಹಾಕೋ ಬಟ್ಟೆಗಳೂ ಹಳತಾಗಿವೆ. ಒಂದು ದಿನಕ್ಕೆ ಅಂತ ದುಬಾರಿ ಲೆಹೆಂಗಾ ಕೊಂಡು ಬೀರುವಿನಲ್ಲಿ ಇಡೋಕೆ ಮನಸ್ಸಿಲ್ಲ. ಬಾಡಿಗೆಗೆ ತರೋದು, ಬೇರೆಯವರು ಹಾಕಿದ್ದನ್ನು ಕೊಳ್ಳೋದು ನಮ್ಮೂರಲ್ಲಿ ಸರಿಹೋಗುತ್ತಾ? ಅಮ್ಮ ಮಾತ್ರ ಬೇರೆಯವರ ಬಟ್ಟೆ ಅಂದ ಕೂಡಲೇ ಬೇಡ ಅಂತಾರೆ. ಮಾಡಿ ನೋಡಿದವರು ಹೇಳಿ.

ಗಾಂಧಿನಗರದ ಅಕ್ಕ:
ಖಂಡಿತ ಸರಿಹೋಗುತ್ತೆ ತಂಗಿ. ನನ್ನ ನಾದಿನಿ ಮದುವೆಗೆ ಬಾಡಿಗೆ ಲೆಹೆಂಗಾನೇ ತಂದಿದ್ದೆವು. ಮೊದಲು ನಮ್ಮ ಬಿಸಿಲು ನೆನಪಿಟ್ಟುಕೊಳ್ಳಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತೆ. ವೆಲ್ವೆಟ್ ಎಷ್ಟೇ ಚೆಂದ ಕಂಡರೂ ಬೇಡ. ಕಾಟನ್ ಲೈನಿಂಗ್ ಇರೋ ಜಾರ್ಜೆಟ್ ನೋಡಿ. ನಿಮಗಿಂತ ಮುಂಚೆ ಹಾಕಿದವರೂ ಬೆವರಿರುತ್ತಾರೆ, ಅಲ್ವಾ? ಬ್ಲೌಸ್ ತಿರುವಿ ಕಂಕುಳ ಹತ್ತಿರ ಕಲೆ ಇದೆಯಾ ನೋಡಿ, ಮೂಸಿಯೂ ನೋಡಿ. ಅದರಲ್ಲಿ ಸಂಕೋಚ ಬೇಡ. ಕತ್ತರಿ ಹಾಕದೆ ಒಳಗೆ ಹೊಲಿಗೆ ಹಿಡಿದು ಅಳತೆಗೆ ಮಾಡಿಕೊಡುತ್ತಾರಾ ಕೇಳಿ. ಎಷ್ಟೋ ಕಡೆ ಮಾಡಿಕೊಡುತ್ತಾರೆ.

ಜಗಳ ಬರೋದು ಡಿಪಾಜಿಟ್‌ನಲ್ಲಿ. ನಾವು ತಂದ ಲೆಹೆಂಗಾದಲ್ಲಿ ಮಣಿಗಳು ಮೊದಲೇ ಉದುರಿದ್ದವು. ಆದರೂ ವಾಪಸ್ ಕೊಡುವಾಗ ಅದಕ್ಕೆ ದುಡ್ಡು ಹಿಡಿಯಲು ನೋಡಿದರು. ತರುವಾಗ ಅಂಗಡಿಯಲ್ಲೇ ತೆಗೆದಿದ್ದ ಫೋಟೋ ತೋರಿಸಿದ ಮೇಲೆ ಪೂರ್ತಿ ಕೊಟ್ಟರು. ಹಾಗಾಗಿ ಅಂಗಡಿಯವರ ಎದುರಿಗೇ ಫೋಟೋ ತೆಗೆಯಿರಿ. ವಾಪಸ್ ಕೊಡೋ ದಿನ, ಡ್ರೈಕ್ಲೀನ್ ಖರ್ಚು ಯಾರದು, ಎರಡನ್ನೂ ಚೀಟಿ ಮೇಲೆ ಬರೆಸಿಕೊಳ್ಳಿ.

ಇನ್ನೊಂದು ಮಾತು. ಅರಿಶಿನ ಶಾಸ್ತ್ರಕ್ಕೆ ಬಾಡಿಗೆ ಬಟ್ಟೆ ಬೇಡವೇ ಬೇಡ. ಅರಿಶಿನದ ಕಲೆ ಹೋಗೋದು ಕಷ್ಟ. ಆವತ್ತಿಗೆ ಮನೆಯ ಹಳೇ ಕಾಟನ್ ಸೀರೆ ಸಾಕು.

ಕೌಲ್ ಬಜಾರ್‌ನಿಂದ, ಜೀನ್ಸ್ ಹೊಲಿಯುವ ಮನೆಯವನು:
ಮದುವೆಯ ವಿಷಯ ಅಕ್ಕ ಹೇಳಿದರು. ನಾನು ದಿನದ ಬಟ್ಟೆಯ ಬಗ್ಗೆ ಹೇಳುತ್ತೇನೆ. ಊರೆಲ್ಲ ಜೀನ್ಸ್ ಹೊಲಿದು ಬದುಕೋ ನಾವೇ ಇದನ್ನು ಹೇಳಬೇಕು ಅನಿಸುತ್ತೆ. ಲೀವೈಸ್ ಕಂಪನಿ ತನ್ನ ಒಂದು ಜೀನ್ಸ್ ಪ್ಯಾಂಟಿಗೆ, ಹತ್ತಿ ಬೆಳೆಯೋದರಿಂದ ಹಿಡಿದು ಕೊಂಡವರು ಮನೆಯಲ್ಲಿ ಒಗೆಯೋವರೆಗೆ, ಸುಮಾರು 3,781 ಲೀಟರ್ ನೀರು ಅಂತ 2015ರಲ್ಲಿ ಲೆಕ್ಕ ಕೊಟ್ಟಿತ್ತು. ಅದರಲ್ಲಿ ನೂರಕ್ಕೆ 68 ಪಾಲು ಬರೀ ಹತ್ತಿ ಬೆಳೆಗೆ. ತುಂಗಭದ್ರಾ ಕಾಲುವೆಗೆ ನೀರು ಯಾವಾಗ ಬಿಡ್ತಾರೆ ಅಂತ ಕಾಯೋ ಸೀಮೆ ನಮ್ಮದು. ಹೊಲಿದ ಪ್ಯಾಂಟು ಇನ್ನೂ ಗಟ್ಟಿ ಇರುವಾಗಲೇ ಬಿಸಾಡೋದು ನೋಡಿದರೆ ಹೊಟ್ಟೆ ಉರಿಯುತ್ತೆ.

ಆದರೆ ಬಾಡಿಗೆ ಅಂದ ಮಾತ್ರಕ್ಕೆ ಪರಿಸರಕ್ಕೆ ಒಳ್ಳೇದು ಅಂತ ತಿಳಿಯಬೇಡಿ. 2021ರಲ್ಲಿ ಫಿನ್ಲೆಂಡ್‌ನ ಸಂಶೋಧಕರು ಜೀನ್ಸನ್ನೇ ಇಟ್ಟುಕೊಂಡು ಲೆಕ್ಕ ಹಾಕಿದರು. ಹೆಚ್ಚು ಕಾಲ ಹಾಕಿದರೆ ವಾತಾವರಣಕ್ಕೆ ಆಗೋ ಹಾನಿ ಎಲ್ಲಕ್ಕಿಂತ ಕಡಿಮೆ. ಬಾಡಿಗೆಯದ್ದು ಎಲ್ಲಕ್ಕಿಂತ ಜಾಸ್ತಿ ಬಂತು. ಕಾರಣ, ತರೋಕೆ, ಕೊಡೋಕೆ ಮತ್ತೆ ಮತ್ತೆ ಗಾಡಿ ಓಡಿಸೋದು. ಆದ್ದರಿಂದ ಬೆಂಗಳೂರಿನಿಂದ ಕೊರಿಯರ್‌ನಲ್ಲಿ ತರಿಸಬೇಡಿ. ಮನೆ ಹತ್ತಿರದ ಅಂಗಡಿಯಲ್ಲೇ ತನ್ನಿ. ಅದೂ ಒಂದೇ ಸಲ ಹಾಕೋ ಬಟ್ಟೆಗೆ ಮಾತ್ರ. ದಿನಾ ಹಾಕೋದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ಹರಿಯೋವರೆಗೂ ಹಾಕಿ.

ಹಳೇ ಜೀನ್ಸ್ ಕೊಳ್ಳುವಾಗ ತೊಡೆ ಸಂದಿಯನ್ನು ಬೆಳಕಿಗೆ ಹಿಡಿಯಿರಿ. ಮೊದಲು ಸವೆಯೋದು ಅಲ್ಲೇ. ಬಟ್ಟೆ ತೆಳ್ಳಗಾಗಿ ಬೆಳಕು ಕಂಡರೆ ಬಿಟ್ಟುಬಿಡಿ. ಜಿಪ್ ಹಾಳಾಗಿದ್ದರೆ ಚಿಂತೆ ಇಲ್ಲ, ಯಾವ ಟೇಲರ್ ಬೇಕಾದರೂ ಹಾಕಿಕೊಡುತ್ತಾರೆ.

ರಾಯಚೂರಿನಿಂದ:
ಇನ್‌ಸ್ಟಾಗ್ರಾಂ ಪೇಜ್‌ಗಳಲ್ಲಿ ಕುರ್ತಾ ತರಿಸಿದ್ದೇನೆ. ಸೈಜ್ ಚೀಟಿ ನಂಬಬೇಡಿ. ನಿಮಗೆ ಸರಿಯಾಗಿ ಕೂರೋ ಕುರ್ತಾದ ಎದೆ, ಭುಜ, ಉದ್ದ ಟೇಪ್‌ನಲ್ಲಿ ಅಳೆದು, ಅವರದ್ದೂ ಅಳೆಸಿ ಕೇಳಿ. ಬಂದ ಕೂಡಲೇ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಗಟ್ಟಿ ಬಣ್ಣದ ಕಾಟನ್ ಆದರೆ ಸರಿ, ರೇಷ್ಮೆಗೆ ಮಾತ್ರ ಹೀಗೆ ಮಾಡಬೇಡಿ.

ಕೊಪ್ಪಳದಿಂದ, ಶಾಲೆಯಲ್ಲಿ ಟೀಚರ್:
ನೀವು ಸೀರೆ ಉಡ್ತೀರಾದರೆ ನಿಮ್ಮ ಚಿಗಮ್ಮ, ದೊಡ್ಡಮ್ಮಂದಿರ ಟ್ರಂಕು ಮೊದಲು ನೋಡಿ. ನಾನು ಶಾಲೆಗೆ ಉಡೋ ಇಳಕಲ್ ಸೀರೆಗಳಲ್ಲಿ ಹೆಚ್ಚಿನವು ನಮ್ಮ ಚಿಗಮ್ಮ ಕೊಟ್ಟಿದ್ದು. ಅವರಿಗೆ ಈಗ ಉಡೋಕಾಗಲ್ಲ. ನಾನು ಉಟ್ಟು ಹೋದಾಗ ಅವರ ಮುಖ ನೋಡಬೇಕು! ಹಳೇ ಇಳಕಲ್ ಕೊಳ್ಳುವಾಗ ಎರಡು ಕಡೆ ನೋಡಿ. ಒಡಲಿನ ಹಾಸು (ನೇಯ್ಗೆಯ ಉದ್ದದ ಎಳೆಗಳು), ಸೆರಗಿನ ಹಾಸು ಬೇರೆ ಬೇರೆ ಇದ್ದು, ಅವನ್ನು ಕುಣಿಕೆ ಹಾಕಿ ಸೇರಿಸಿರುತ್ತಾರೆ. ಆ ಕೂಡುವ ಜಾಗ ಬಿಗಿಯಾಗಿದೆಯಾ ನೋಡಿ. ಆಮೇಲೆ ಮಡಿಕೆಗಳು. ಹಳೇ ರೇಷ್ಮೆ ಸೀಳೋದು ಮಡಿಕೆಯಲ್ಲೇ. ಸಣ್ಣ ತೂತಿದ್ದರೆ ರಫೂ ಮಾಡಿಸಬಹುದು. ಮಡಿಕೆ ಉದ್ದಕ್ಕೂ ಸೀಳಿದ್ದರೆ ಅದು ಉಡೋಕೆ ಬರಲ್ಲ.

ಅಮ್ಮನ ಜೊತೆ ವಾದ ಮಾಡಬೇಡಿ. ಮನೆಯಲ್ಲಿರೋ ಕೌದಿ ತೆಗೆದು ಯಾವ ತುಂಡು ಯಾರ ಸೀರೆಯದು ಅಂತ ಕೇಳಿ. ಅಜ್ಜಿಯದು, ಅತ್ತೆಯದು ಅಂತ ಅವರೇ ಹೇಳ್ತಾ ಹೋಗ್ತಾರೆ. ನಮ್ಮಮ್ಮ ಒಪ್ಪಿದ್ದು ಹೀಗೇ. ಮೊದಲು ನೆಂಟರ ಬಟ್ಟೆಯಿಂದ ಶುರು ಮಾಡಿ, ಹೊರಗಿನವರದು ಆಮೇಲೆ.

ಗಾಂಧಿನಗರದ ಅಕ್ಕ:
ಟೀಚರ್ ಹೇಳಿದ್ದು ಸರಿ. ಅಂಗಡಿಗೆ ಅಮ್ಮನನ್ನೂ ಕರೆದುಕೊಂಡು ಹೋಗಿ, ಹೊಲಿಗೆ ಪರೀಕ್ಷೆ ಮಾಡೋದರಲ್ಲಿ ಅವರ ಕಣ್ಣು ನಮಗಿಂತ ಚುರುಕು. ಮೇ ಅಂದರೆ ಮದುವೆ ಸೀಸನ್, ಒಳ್ಳೇ ಪೀಸ್‌ಗಳು ಬೇಗ ಹೋಗುತ್ತವೆ. ಮಾರ್ಚ್‌ನಲ್ಲೇ ನೋಡಿ ಬುಕ್ ಮಾಡಿ. ಮದುವೆಯ ಹಿಂದಿನ ದಿನವೇ ಕೈಗೆ ಸಿಗೋ ಹಾಗೆ ಮಾತಾಡಿಕೊಳ್ಳಿ.