ಒಂದೇ ವರ್ಷದಲ್ಲಿ ಮೂರು ಶುಭಕಾರ್ಯ, ತಿಂಗಳ ಕೊನೆಗೆ ಬರಿಗೈ: ತೆರಿಗೆ ಮತ್ತು ಮನೆಖರ್ಚಿನ ಬಗ್ಗೆ ನಿಮ್ಮ ಅನುಭವ ತಿಳಿಸಿ

ಕೇಳಿದವರು: ಕುವೆಂಪುನಗರ, ಮೈಸೂರು

ಕಳೆದ 2025 ನಮ್ಮ ಮನೆಯ ಮಟ್ಟಿಗೆ ತುಂಬಿದ ವರ್ಷ. ಜೂನ್‌ನಲ್ಲಿ ಮಗಳು ಹುಟ್ಟಿದಳು, ಅಕ್ಟೋಬರ್‌ನಲ್ಲಿ ಬೋಗಾದಿಯ ಆಚೆ 30-40 ನಿವೇಶನವೊಂದು ನನ್ನ ಹೆಸರಿಗೆ ನೋಂದಣಿಯಾಯಿತು, ನವೆಂಬರ್‌ನಲ್ಲಿ ತಂಗಿಯ ಮದುವೆ ನಡೆಯಿತು. ಹೀಗಿದ್ದೂ ಈ ಸಂಕ್ರಾಂತಿಗೆ ಎಳ್ಳುಬೆಲ್ಲದ ಸಾಮಾನು ತರುವಾಗ ಕೈ ಹಿಂದೆಮುಂದೆ ನೋಡಿತು. ನನ್ನ ಸಂಬಳ ತಿಂಗಳಿಗೆ 95,000. ಅದರಲ್ಲಿ ಆದಾಯ ತೆರಿಗೆಯೆಂದೇ ಎಂಟೂವರೆ ಸಾವಿರಕ್ಕಿಂತ ಹೆಚ್ಚು ಕಡಿತವಾಗುತ್ತದೆ. ಉಳಿದ ಹಣದಲ್ಲಿ ಏನು ಕೊಂಡರೂ ಅದಕ್ಕೆ ಮತ್ತೆ ತೆರಿಗೆ. ನಿವೇಶನ ಮಾರಿದವರ ಇ-ಖಾತಾ ತಡವಾದ್ದರಿಂದ ನೋಂದಣಿ ಆಗಸ್ಟ್ 31 ದಾಟಿತು. ಅಂದಿನಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದ್ದರಿಂದ 30 ಲಕ್ಷದ ಮೇಲೆ 30,000 ಹೆಚ್ಚಿಗೆ ಕಟ್ಟಬೇಕಾಯಿತು. ನಿವೇಶನಕ್ಕೆ ಸಾಲವನ್ನೂ ತೆಗೆದಿದ್ದೇನೆ. ಸಾಲ ಇರುವವರಿಗೆ, ಉಳಿತಾಯ ಮತ್ತು ಬಡ್ಡಿಗೆ ವಿನಾಯಿತಿ ಕೊಡುವ ಹಳೆಯ ತೆರಿಗೆ ಪದ್ಧತಿಯೇ ಲಾಭವೆಂದು ಸಹೋದ್ಯೋಗಿಗಳು ಹೇಳಿದ್ದರಿಂದ ಅದರಲ್ಲೇ ಇದ್ದೇನೆ. ಇಂಥ ವರ್ಷವನ್ನು ದಾಟಿದವರು ಹೇಗೆ ಸಂಭಾಳಿಸಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಸರಸ್ವತಿಪುರಂ, ಮೈಸೂರು

ಮೊದಲಿಗೆ ಮಗುವಿಗೂ ಬಾಣಂತಿಗೂ ನನ್ನ ಶುಭಾಶಯ. ನಾನು ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತೊಂದು ವರ್ಷ ಸಂಬಳಪಟ್ಟಿ ತಯಾರಿಸಿ ನಿವೃತ್ತನಾದವನು. ನಿಮ್ಮ ಪ್ರಶ್ನೆ ಓದಿದಾಗ ನಿಮ್ಮ ಖರ್ಚಿಗಿಂತ ಆ ಎಂಟೂವರೆ ಸಾವಿರವೇ ಹೆಚ್ಚು ಸಂಕಟ ಕೊಟ್ಟಿತು, ಏಕೆಂದರೆ ಅದು ನೀವು ಕಟ್ಟಬೇಕಾದ ತೆರಿಗೆಯೇ ಅಲ್ಲ.

ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 11,40,000. ಹಳೆಯ ಪದ್ಧತಿಯಲ್ಲಿ ಸಂಬಳದಾರರಿಗೆಲ್ಲ ಸಿಗುವ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 2,500 ವೃತ್ತಿ ತೆರಿಗೆ, ಭವಿಷ್ಯನಿಧಿ ಮತ್ತು ವಿಮೆ ಸೇರಿ ಉಳಿತಾಯದ ವಿನಾಯಿತಿಯ ಕಲಮು 80ಸಿ ಅಡಿಯಲ್ಲಿ ಗರಿಷ್ಠ 1,50,000 ಕಳೆದರೆ 9,37,500 ಉಳಿಯುತ್ತದೆ. ಅದರ ಮೇಲೆ ತೆರಿಗೆ ಒಂದು ಲಕ್ಷ, ಶೇ. 4 ಸೆಸ್ ಸೇರಿದರೆ 1,04,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 8,667 ಬರುತ್ತದೆ, ಅಂದರೆ ನೀವು ಹೇಳಿದ ಕಡಿತವೇ ಇದು. ಇದೇ ಸಂಬಳಕ್ಕೆ, ವಿನಾಯಿತಿಗಳೂ ದರವೂ ಕಡಿಮೆಯಿರುವ ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 10,65,000 ಆಗುತ್ತದೆ. 2025-26ರ ಆರ್ಥಿಕ ವರ್ಷದಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯನ್ನು ಪೂರ್ತಿ ಬಿಟ್ಟುಕೊಡುವ 87ಎ ಕಲಮಿನ ರಿಯಾಯಿತಿ ಇರುವುದರಿಂದ ನಿಮ್ಮ ತೆರಿಗೆ ಸೊನ್ನೆ.

ಸಾಲ ಇರುವವರಿಗೆ ಹಳೆಯ ಪದ್ಧತಿ ಲಾಭವೆಂಬ ಮಾತು ಮನೆ ಕಟ್ಟಿ ವಾಸಕ್ಕೆ ಹೋದವರ ವಿಷಯದಲ್ಲಿ ಹುಟ್ಟಿದ್ದು. ಬರೀ ನಿವೇಶನಕ್ಕೆ ತೆಗೆದ ಸಾಲದ ಬಡ್ಡಿಗೆ, ಅಲ್ಲಿ ಮನೆ ಎದ್ದು ಮುಗಿಯುವವರೆಗೆ, ಯಾವ ವಿನಾಯಿತಿಯೂ ಸಿಗುವುದಿಲ್ಲ. ಇನ್ನೂ ಒಂದು ಮಾತು: ನಾಳೆ ಮನೆ ಕಟ್ಟಿ ಗರಿಷ್ಠ 2 ಲಕ್ಷ ಬಡ್ಡಿಯನ್ನು ತೋರಿಸಿದರೂ ಈ ಸಂಬಳಕ್ಕೆ ಹಳೆಯ ಪದ್ಧತಿಯಲ್ಲಿ 62,400 ಕಟ್ಟಬೇಕಾಗುತ್ತದೆ, ಹೊಸದರಲ್ಲಿ ಏನೂ ಇಲ್ಲ. ಏಪ್ರಿಲ್‌ನಲ್ಲಿ ಕಚೇರಿ ಕೊಟ್ಟ, ಪದ್ಧತಿ ಆರಿಸುವ ನಮೂನೆಯಲ್ಲಿ ಹಿಂದಿನ ವರ್ಷದಂತೆಯೇ ಗುರುತು ಹಾಕಿ ಸಹಿ ಮಾಡಿರುತ್ತೀರಿ. ನನ್ನ ಸೇವಾವಧಿಯಲ್ಲಿ ಹತ್ತರಲ್ಲಿ ಎಂಟು ಜನ ಹಾಗೆಯೇ ಮಾಡುತ್ತಿದ್ದರು. ಲೆಕ್ಕವಿಭಾಗದವರು ಈಗ ಬದಲಾಯಿಸಲು ಒಪ್ಪದಿದ್ದರೂ ಹೆದರಬೇಡಿ. ವ್ಯಾಪಾರದ ಆದಾಯವಿಲ್ಲದ ಸಂಬಳದಾರರು ಜುಲೈ 31ರೊಳಗೆ ರಿಟರ್ನ್ಸ್ ಸಲ್ಲಿಸುವಾಗ ಹೊಸ ಪದ್ಧತಿಯನ್ನು ಆರಿಸಿಕೊಂಡರೆ ಕಡಿತವಾದ ಹಣ ವಾಪಸು ಬರುತ್ತದೆ. ಷೇರು ಅಥವಾ ಷೇರು ಆಧಾರಿತ ಮ್ಯೂಚುವಲ್ ಫಂಡ್ ಮಾರಿ ಬಂದ ಲಾಭವಿದ್ದರೆ ಮಾತ್ರ ಅದರ ಲೆಕ್ಕ ಬೇರೆ, ಅದಕ್ಕೆ ಈ ರಿಯಾಯಿತಿ ಅನ್ವಯಿಸದು.

ಇನ್ನು ಮನೆಖರ್ಚಿನ ಮಾತು. 2009ರಲ್ಲಿ ನಮ್ಮ ಮನೆಯಲ್ಲೂ ಹೀಗೆಯೇ ಆಯಿತು: ಮಗನ ಇಂಜಿನಿಯರಿಂಗ್ ಸೀಟು, ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ, ಮೇಲಂತಸ್ತಿನ ತಾರಸಿ, ಮೂರೂ ಒಂದೇ ವರ್ಷ. ಬೆಲೆ ಏರಿದ್ದರಿಂದಲೇ ಮುಳುಗಿದೆವು ಎಂದು ನಾನು ಇಡೀ ವರ್ಷ ರೇಗಾಡುತ್ತಿದ್ದೆ. ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ಒಂದು ಕ್ಯಾಲೆಂಡರ್ ತೂಗುಹಾಕಿದೆ. ಪ್ರತಿ ತಾರೀಖಿನ ಚೌಕದಲ್ಲಿ ನನ್ನ ಹೆಂಡತಿ ಎಷ್ಟು ಪ್ಯಾಕೆಟ್ ಹಾಲು ಬಂತೆಂದು ಪೆನ್ಸಿಲಿನಲ್ಲಿ ಬರೆಯುತ್ತಾಳೆ, ನೆಂಟರು ಬಂದ ದಿನ ಅಂಕಿಯ ಸುತ್ತ ಒಂದು ಸೊನ್ನೆ ಸುತ್ತುತ್ತಾಳೆ. ಆ ವರ್ಷದ ಡಿಸೆಂಬರ್‌ನಲ್ಲಿ ಆಕೆ ಹನ್ನೆರಡೂ ಹಾಳೆಗಳನ್ನು ನನ್ನ ಮುಂದಿಟ್ಟು, ಹಾಲಿನ ಖರ್ಚು ಎಲ್ಲಿ ದುಪ್ಪಟ್ಟಾಗಿದೆ ತೋರಿಸಿ ಎಂದಳು. ಆಗಿರಲಿಲ್ಲ. ತಾರಸಿಯ ಸಿಮೆಂಟಿಗೆ ಕೊಟ್ಟ ಹಣವನ್ನು ನಾನು ತಿಂಗಳ ಖರ್ಚಿನ ಪುಸ್ತಕದಲ್ಲೇ ಬರೆಯುತ್ತಾ ಬಂದಿದ್ದೆ. ಅಂದಿನಿಂದ ನಮ್ಮಲ್ಲಿ ಎರಡು ಪುಸ್ತಕಗಳಿವೆ: ತಿಂಗಳದ್ದೊಂದು, ಶುಭಕಾರ್ಯ ಮತ್ತು ಆಸ್ತಿಯದ್ದೊಂದು.

ನೀವೂ ಹಾಗೆ ಬಿಡಿಸಿ ನೋಡಿ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ದಿನಕ್ಕೆ ಎರಡು ಲೀಟರ್ ತೆಗೆದುಕೊಳ್ಳುವ ಮನೆಗೆ ಅದು ತಿಂಗಳಿಗೆ 240. ಸಿಟ್ಟು ಬರುವಂಥದ್ದೇ, ನನಗೂ ಬಂತು; ಆದರೆ ನಿಮ್ಮ ಕೈ ಬರಿದಾದದ್ದು ಆ 240ರಿಂದಲ್ಲ. ಅದೇ ವರ್ಷ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿ ಹೋಯಿತು. ನಮ್ಮಿಬ್ಬರ 28,000 ಕಂತಿನ ಮೇಲೆ ಹಿಂದೆ 5,040 ತೆರಿಗೆ ಕಟ್ಟುತ್ತಿದ್ದೆವು. ಏರಿದ್ದನ್ನು ಬರೆದಿಟ್ಟುಕೊಳ್ಳುವವರು ಇಳಿದದ್ದನ್ನೂ ಬರೆಯಬೇಕು, ಇಲ್ಲದಿದ್ದರೆ ಲೆಕ್ಕ ಕೂಡುವುದಿಲ್ಲ.

ಉತ್ತರ: ಮಂಡ್ಯ

ಹಿರಿಯರು ತೆರಿಗೆಯ ವಿಷಯವನ್ನು ಬಿಡಿಸಿ ಹೇಳಿದ್ದಾರೆ. ನಾನು ಓಡಾಟ ಮತ್ತು ಮಗಳ ಹೆಸರಿನ ಉಳಿತಾಯ, ಈ ಎರಡನ್ನೇ ಹೇಳುತ್ತೇನೆ. ನಾವಿಬ್ಬರೂ ಮಂಡ್ಯದಿಂದ ಮೈಸೂರಿಗೆ ಕೆಲಸಕ್ಕೆ ಹೋಗುವವರು. ಮೊದಲ ಮಗು ಹುಟ್ಟಿದ ವರ್ಷ ಅನುಕೂಲಕ್ಕೆಂದು ಕಾರು ಕೊಂಡೆವು. ಕಂತು, ಪೆಟ್ರೋಲ್ ಮತ್ತು ಗಣಂಗೂರಿನ ಟೋಲ್ ಸೇರಿ ನನ್ನ ಸಂಬಳದ ಕಾಲುಭಾಗ ರಸ್ತೆಗೇ ಹೋಗುತ್ತಿತ್ತು. ಪೆಟ್ರೋಲ್ ಜಿಎಸ್‌ಟಿಯೊಳಗೆ ಇಲ್ಲ. ಅದರ ಮೇಲೆ ಕೇಂದ್ರದ ಅಬಕಾರಿ ಸುಂಕ ಬೇರೆ, ರಾಜ್ಯದ ಮಾರಾಟ ತೆರಿಗೆ ಬೇರೆ. ಆದ್ದರಿಂದ ಮನೆಯ ಮಟ್ಟದಲ್ಲಿ ನಾವು ನಿಜವಾಗಿ ಕಡಿಮೆ ಮಾಡಿಕೊಳ್ಳಬಹುದಾದ ತೆರಿಗೆ ಇದೊಂದೇ ಎಂದು ನನಗೆ ಅನ್ನಿಸುತ್ತದೆ. ಈಗ ಯಜಮಾನರು ರೈಲಿನ ತಿಂಗಳ ಪಾಸಿನಲ್ಲಿ ಹೋಗುತ್ತಾರೆ, ನಾನು ಶಕ್ತಿ ಯೋಜನೆಯ ಬಸ್ಸಿನಲ್ಲಿ ಹಣ ಕೊಡದೆ ಶೂನ್ಯ ಟಿಕೆಟಿನಲ್ಲಿ ಹೋಗುತ್ತೇನೆ. ಬೆಳಿಗ್ಗೆ ನಲವತ್ತು ನಿಮಿಷ ಮುಂಚೆ ಏಳಬೇಕು, ಅದು ಸುಲಭವಲ್ಲ, ಚಿಕ್ಕ ಮಗುವಿರುವ ಮನೆಯಲ್ಲಂತೂ ಅಲ್ಲ.

ಮಗಳಿಗೆ ಸುಕನ್ಯಾ ಸಮೃದ್ಧಿ ಖಾತೆ ತೆರೆದಿದ್ದೀರಾ ಸರ್? ಹೊಸ ಪದ್ಧತಿಗೆ ಹೋದರೆ ಕಟ್ಟಿದ ಹಣಕ್ಕೆ 80ಸಿ ವಿನಾಯಿತಿ ಸಿಗುವುದಿಲ್ಲವೆಂದು ಹಲವರು ಅದನ್ನು ಕೈಬಿಡುತ್ತಾರೆ. ಆದರೆ ಅದರ ಬಡ್ಡಿಗೆ ಎರಡೂ ಪದ್ಧತಿಗಳಲ್ಲಿ ತೆರಿಗೆಯಿಲ್ಲ, ಬಡ್ಡಿ 2025-26ರಲ್ಲಿ ಶೇ. 8.2 ಇದೆ. ವರ್ಷಕ್ಕೆ 250 ಕಟ್ಟಿದರೂ ಖಾತೆ ನಡೆಯುತ್ತದೆ. ನಿಮ್ಮ ಈ ಬಿಗಿಯಾದ ವರ್ಷದಲ್ಲಿ ಅಷ್ಟನ್ನೇ ಕಟ್ಟಿ, ಕೈ ಸಡಿಲವಾದಾಗ ಹೆಚ್ಚಿಸಿ. ನಿವೇಶನದ ಕಂದಾಯವನ್ನು ಏಪ್ರಿಲ್ ತಿಂಗಳಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದೆ ಎಂಬುದನ್ನೂ ಮರೆಯಬೇಡಿ.

ಉತ್ತರ: ಪಾಂಡವಪುರ ತಾಲ್ಲೂಕು

ನಾನು ಕಬ್ಬು, ಭತ್ತ ಬೆಳೆಯುವವನು. ಬೇಸಾಯದ ಆದಾಯಕ್ಕೆ ಆದಾಯ ತೆರಿಗೆಯಿಲ್ಲವೆಂದು ಪಟ್ಟಣದ ಬಂಧುಗಳು ಆಗಾಗ ನೆನಪಿಸುತ್ತಾರೆ. ನಿಜ, ಆದರೆ ಗೊಬ್ಬರಕ್ಕೆ ಜಿಎಸ್‌ಟಿ ಕೊಡುತ್ತೇವೆ, 2025ರ ಏಪ್ರಿಲ್‌ನಲ್ಲಿ ರಾಜ್ಯವು ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 18.44ರಿಂದ ಶೇ. 21.17ಕ್ಕೆ ಏರಿಸಿದಾಗ ಅದು ಟ್ರ್ಯಾಕ್ಟರಿನ ಪ್ರತಿ ಸಾಲಿಗೂ ಬಿತ್ತು. ಕಬ್ಬು ಸಾಗಿಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆಂದು ನಿಯಮವಿದ್ದರೂ ನನಗೆ ಬಟವಾಡೆಯಾದದ್ದು ನಾಲ್ಕು ತಿಂಗಳಿಗೆ. ನಿಮಗೆ ತಿಂಗಳಿಗೊಮ್ಮೆ ಬರುವ ಸಂಬಳ ಎಷ್ಟು ದೊಡ್ಡ ಆಸರೆ ಎಂಬುದನ್ನು ಆ ನಾಲ್ಕು ತಿಂಗಳು ಕಾದವನು ಬಲ್ಲ.

ನಾನು ಹೇಳಬೇಕೆಂದದ್ದು ಮದುವೆಯ ಮುಯ್ಯಿಯ ಬಗ್ಗೆ. ಮದುವೆಯಲ್ಲಿ ಬಂದ ಮುಯ್ಯಿಯಲ್ಲಿ ಛತ್ರದ ಬಾಕಿ ತೀರಿಸಿದೆವೆಂದು ಜನ ನೆಮ್ಮದಿಪಡುತ್ತಾರೆ. ನನ್ನ ಮಗಳ ಮದುವೆಯಲ್ಲಿ ನಾನೂ ಹಾಗೆಯೇ ಮಾಡಿದೆ. ಮರುವರ್ಷ ಮಾಘದಿಂದ ವೈಶಾಖದವರೆಗೆ ಹತ್ತೊಂಬತ್ತು ಮದುವೆಗಳ ಕರೆ ಬಂದವು, ಪುಸ್ತಕ ತೆಗೆದು ನೋಡಿದರೆ ಎಲ್ಲರೂ ನಮಗೆ ಬರೆಸಿದವರೇ. ಬರೆಸಿದ್ದಕ್ಕಿಂತ ನೂರಾದರೂ ಹೆಚ್ಚು ಹಾಕುವುದು ನಮ್ಮ ಕಡೆಯ ರೂಢಿ. ಮುಯ್ಯಿ ಆದಾಯವಲ್ಲ ಸ್ವಾಮಿ, ಅದು ಬಡ್ಡಿಯ ಮಾತಿಲ್ಲದೆ ಊರು ಕೊಟ್ಟ ಸಾಲ. ನಿಮ್ಮ ತಂಗಿಯ ಮದುವೆಯ ಪುಸ್ತಕದಲ್ಲಿ ಮುಂದಿನ ಎರಡು ವರ್ಷದೊಳಗೆ ಯಾರ ಮನೆಯಲ್ಲಿ ಮದುವೆಯ ವಯಸ್ಸಿನ ಮಕ್ಕಳಿದ್ದಾರೆಂದು ತಂದೆಯವರ ಹತ್ತಿರ ಕೂತು ಗುರುತು ಹಾಕಿಕೊಳ್ಳಿ.

ಕೇಳಿದವರು, ಮತ್ತೆ

ಎಲ್ಲರಿಗೂ ಮನಸಾರೆ ವಂದನೆಗಳು. ಸಂಬಳದ ಚೀಟಿ ತೆಗೆದು ನೋಡಿದೆ, ಕಡಿತದ ಸಾಲಿನಲ್ಲಿ 8,667 ಎಂದೇ ಇದೆ. ಇಷ್ಟು ತಿಂಗಳು ಅದನ್ನು ನೋಡಿ ಕೊರಗಿದೆನೇ ಹೊರತು ಏಕೆಂದು ಕೇಳಲಿಲ್ಲ. ಈ ವರ್ಷ ಬದಲಾಯಿಸಲು ಆಗದು, ರಿಟರ್ನ್ಸ್‌ನಲ್ಲಿ ಪಡೆಯಿರಿ ಎಂದು ಲೆಕ್ಕವಿಭಾಗದವರು ಹೇಳಿದ್ದಾರೆ. ಏಪ್ರಿಲ್‌ನಲ್ಲಿ ಬರುವ ನಮೂನೆಯನ್ನು ಓದಿಯೇ ಸಹಿ ಮಾಡುತ್ತೇನೆ. ವಾಪಸು ಬರುವ ಹಣವನ್ನು ನಿವೇಶನದ ಸಾಲದ ಅಸಲಿಗೆ ಕಟ್ಟಬೇಕೆಂದು ನಾನು, ಮುಯ್ಯಿ ತೀರಿಸಲು ಇಟ್ಟುಕೊಳ್ಳಬೇಕೆಂದು ಅಪ್ಪ, ಇನ್ನೂ ತೀರ್ಮಾನವಾಗಿಲ್ಲ. ನನ್ನ ಕೆಲಸ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ, ರಾತ್ರಿ ಪಾಳಿಯೂ ಇರುವುದರಿಂದ ಮೇಡಂ ಹೇಳಿದ ಬಸ್ಸಿನ ದಾರಿ ನನಗೆ ಒದಗುವುದಿಲ್ಲ, ಆದರೆ ಮಗಳ ಖಾತೆಯನ್ನು ಸೋಮವಾರ ಅಂಚೆ ಕಚೇರಿಯಲ್ಲಿ ತೆರೆದೆವು. ನಿನ್ನೆ ರಾತ್ರಿ ಅಪ್ಪನೂ ನಾನೂ ಮುಯ್ಯಿ ಪುಸ್ತಕ ಬಿಚ್ಚಿ ಕೂತಿದ್ದೆವು. ಹದಿಮೂರು ಹೆಸರುಗಳ ಮುಂದೆ ಅಪ್ಪ ಗುರುತು ಹಾಕಿದ್ದಾರೆ, ಮೊದಲನೆಯದು ಬರುವ ತಿಂಗಳು ನಂಜನಗೂಡಿನಲ್ಲಿ.